ಬಿರಿದ ನೆಲ, ಬರಿದಾದ ಕೊಡ: ಹವಾಗುಣ ವಿಜ್ಞಾನದ ಸಂವಹನದಲ್ಲಿ ಭಾವನೆಗಳ ಸ್ಥಾನ

ಕನ್ನಡದ ಸರಕಾರಿ ಕಾಗದಪತ್ರಗಳಲ್ಲಿಯೂ ದಿನಪತ್ರಿಕೆಗಳಲ್ಲಿಯೂ ಬರ, ನೆರೆ, ಆಲಿಕಲ್ಲು, ಸಿಡಿಲು ಇವೆಲ್ಲಕ್ಕೂ ಒಟ್ಟಾಗಿ ಸಲ್ಲುವ ಹೆಸರು 'ಪ್ರಕೃತಿ ವಿಕೋಪ'. ಈ ಪದವನ್ನು ನಾವು ಎಷ್ಟು ಸಲ ಉಚ್ಚರಿಸಿದ್ದೇವೆಂದರೆ ಅದರೊಳಗೊಂದು ಕೋಪ ಅಡಗಿದೆ ಎಂಬುದೇ ಮರೆತುಹೋಗಿದೆ. ಕೋಪಗೊಂಡದ್ದು ಪ್ರಕೃತಿ, ಮನುಷ್ಯನು ಆ ಕೋಪಕ್ಕೆ ಗುರಿಯಾದವನು. ಕಾರಣವೇನು, ಕಾರಣರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಪ್ರಸಂಗಪೀಠದಲ್ಲಿ ನಿಂತವರು 'ಪ್ರಕೃತಿ' ಎಂಬಲ್ಲಿ 'ದೇವರು' ಎಂದು ಇಟ್ಟುಬಿಟ್ಟರೆ ವಾಕ್ಯವು ತಡೆಯಿಲ್ಲದೆ ಸಾಗುತ್ತದೆ, ಕೇಳುವವರೂ ತಡವರಿಸುವುದಿಲ್ಲ. ಹವಾಗುಣ ವಿಜ್ಞಾನವು ಭಾವರಹಿತವಾದದ್ದು, ಅದಕ್ಕೆ ಭಾವನೆಯನ್ನು ಬೆರೆಸಿ ಜನರಿಗೆ ಮುಟ್ಟಿಸುವುದೇ ಬೋಧಕರ ಕೆಲಸ ಎಂಬ ಈಚಿನ ವಾದವನ್ನು ಒಪ್ಪುವುದಕ್ಕೆ ಮೊದಲು ಇದನ್ನು ಗಮನಿಸಬೇಕು. ವಿಜ್ಞಾನಿ ಬಾಯಿ ತೆರೆಯುವ ಮುಂಚೆಯೇ ನಮ್ಮ ಭಾಷೆಯು ಭಾವನೆಯನ್ನು ಹಂಚಿ ಮುಗಿಸಿರುತ್ತದೆ.

ಆ ವಾದದ ಬೆಳವಣಿಗೆಯನ್ನು ಚುಟುಕಾಗಿ ಹೇಳಬಹುದು. 2009ರಲ್ಲಿ ಸ್ಯಾಫ್ರನ್ ಓನೀಲ್ ಮತ್ತು ಸೋಫೀ ನಿಕಲ್ಸನ್-ಕೋಲ್ ಎಂಬ ಸಂಶೋಧಕರು ಭಯ ಹುಟ್ಟಿಸುವ ಚಿತ್ರಗಳ ಪರಿಣಾಮವನ್ನು ಪರಿಶೀಲಿಸಿ, ಅಂಥ ಚಿತ್ರಗಳು ಗಮನವನ್ನೇನೋ ಸೆಳೆಯುತ್ತವೆ, ಆದರೆ ನೋಡಿದವರಲ್ಲಿ ತಮ್ಮಿಂದ ಏನೂ ಆಗದೆಂಬ ಭಾವವನ್ನೇ ಹೆಚ್ಚಿಸುತ್ತವೆ ಎಂದು ತೋರಿಸಿದರು. ಅಲ್ಲಿಂದಾಚೆಗೆ 'ಭಯ ಬೇಡ, ಭರವಸೆ ಕೊಡಿ' ಎಂಬುದು ಸಂವಹನಕಾರರ ಮಂತ್ರವಾಯಿತು. 2019ರ ಜನವರಿಯಲ್ಲಿ ದಾವೋಸಿನಲ್ಲಿ ಗ್ರೇಟಾ ಥುನ್ಬರ್ಗ್ ಎಂಬ ಹುಡುಗಿ ಜಗತ್ತಿನ ಧನಿಕರೆದುರು ಆ ಮಂತ್ರವನ್ನು ತಿರುವಿಹಾಕಿದಳು: ಅವರ ಭರವಸೆ ಅವಳಿಗೆ ಬೇಕಿರಲಿಲ್ಲ, ಅವರ ಗಾಬರಿ ಬೇಕಿತ್ತು. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 10,000 ತರುಣ ತರುಣಿಯರನ್ನು ಪ್ರಶ್ನಿಸಿದ ಅಧ್ಯಯನವೊಂದು, ಅವರಲ್ಲಿ ನೂರಕ್ಕೆ 59 ಮಂದಿ ಹವಾಗುಣದ ಕುರಿತು ಅತಿಯಾಗಿ ಚಿಂತಿತರು ಎಂದು ವರದಿ ಮಾಡಿತು. ಇವೆಲ್ಲಕ್ಕಿಂತ ವಿವೇಕದ ಮಾತನ್ನು ಆಡಿದವರು 2017ರಲ್ಲಿ ಚಾಪ್‌ಮನ್, ಲಿಕೆಲ್, ಮಾರ್ಕೊವಿಟ್ಸ್ ಎಂಬ ಮೂವರು. ಭಾವನೆಯೆಂಬುದು ಎಳೆದೊಡನೆ ಯಂತ್ರ ತಿರುಗುವ ಸನ್ನೆಗೋಲಲ್ಲ. ಯಾವ ಭಾವನೆ, ಯಾರಲ್ಲಿ, ಎಂಥ ಪರಿಸ್ಥಿತಿಯಲ್ಲಿ ಎಂದು ಕೇಳದೆ 'ಭಯ ಒಳ್ಳೆಯದೋ ಭರವಸೆ ಒಳ್ಳೆಯದೋ' ಎಂದು ಕೇಳುವುದು ವ್ಯರ್ಥ ಎಂಬುದು ಅವರ ನಿಲುವಿನ ಸಾರ. ನಾವು ಆ 'ಯಾರಲ್ಲಿ' ಎಂಬ ಪ್ರಶ್ನೆಯನ್ನು ಹಿಡಿದು ಬೀದರ ಸೀಮೆಗೆ ಬರೋಣ.

ಹುಮನಾಬಾದ್, ಅದಕ್ಕೆ ಹೊಂದಿದ ಮಾಣಿಕನಗರ, ಪಶ್ಚಿಮಕ್ಕೆ ಬಸವಕಲ್ಯಾಣ ಇವು ದಖ್ಖನ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯ ಕೆಂಪು ನೆಲವೂ ಎರೆಯ ಕಪ್ಪು ನೆಲವೂ ಕೂಡುವ ಸೀಮೆ. ಹವಾಗುಣ ಬದಲಾವಣೆಯ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಿಗೆ, ಸಭೆಗಳು ಅಚ್ಚು ಹಾಕಿಸುವ ಪರಿಸರ ಭಾನುವಾರದ ಕರಪತ್ರಗಳಿಗೆ ಒಂದು ಚಿತ್ರ ಖಾಯಮ್ಮಾಗಿ ಬಂದು ಕೂಡುತ್ತದೆ: ಬಿರುಕು ಬಿಟ್ಟ ನೆಲ, ಅದರ ಮೇಲೆ ಕೈ ಹಣೆಗಿಟ್ಟು ಕುಳಿತ ಒಬ್ಬ ಮುದುಕ. ಪೇಟೆಯ ಓದುಗನ ಎದೆ ಝಲ್ಲೆನ್ನುತ್ತದೆ. ಆದರೆ ಎರೆಮಣ್ಣಿನ ರೈತನಿಗೆ ಆ ಬಿರುಕು ಸುದ್ದಿಯಲ್ಲ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಯ ನೆಲವದು; ಮಳೆ ಚೆನ್ನಾಗಿ ಹೋದ ವರ್ಷವೂ ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ಬಿರಿಯಲೇಬೇಕು. ಮುಂಗಾರಿನ ಮೊದಲ ಹನಿಗಳು ಆ ಬಿರುಕಿನ ಮೂಲಕವೇ ಆಳಕ್ಕಿಳಿಯುತ್ತವೆ. ನೆಲ ತನ್ನನ್ನು ತಾನೇ ಉತ್ತುಕೊಳ್ಳುವ ಬಗೆ ಅದು. ಆ ಚಿತ್ರ ಹುಟ್ಟಿಸುವ ಭಯವು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಬೇರೆಯವರ ಭಯ. ನೆಲದವನ ಹೆಸರಿನಲ್ಲಿ ನೆಲದವನಿಗೆ ಹೊಂದದ ಭಾವವನ್ನು ಪ್ರಕಟಿಸಿ, ಅದನ್ನು ಅವನಿಗೇ ಹಂಚುವ ಕೆಲಸ ಅಲ್ಲಿ ನಡೆಯುತ್ತದೆ.

ಹಾಗಾದರೆ ಅವನ ಭಯದ ಚಿತ್ರ ಯಾವುದು? ಮೃಗಶಿರ ಮಳೆಗೆ ಬಿತ್ತಿದ ಹೆಸರು ಉದ್ದುಗಳು ಹೂ ಕಟ್ಟುವ ಹೊತ್ತಿಗೆ ಮೂರು ವಾರ ಮೋಡ ಮಾತ್ರ ಇದ್ದು ಹನಿ ಇಲ್ಲದಿರುವುದು. ಅಥವಾ ಅದಕ್ಕೆ ವಿರುದ್ಧವಾಗಿ, ಕೊಯ್ಲಿಗೆ ಬಂದ ಕಾಯಿ ಗಿಡದ ಮೇಲೆಯೇ ನೆನೆದು ಮೊಳಕೆಯೊಡೆಯುವುದು. 2020ರ ಅಕ್ಟೋಬರಿನಲ್ಲಿ ಹೈದರಾಬಾದನ್ನು ಮುಳುಗಿಸಿದ ಮಳೆ ಬೀದರ, ಕಲಬುರಗಿಗಳ ಹೊಲಗಳ ಮೇಲೂ ಸುರಿಯಿತು; ಸೋಯಾ ಅವರೆ, ತೊಗರಿಗಳು ನೀರಿನಲ್ಲಿ ನಿಂತವು. ಬೀದರ ಜಿಲ್ಲೆಯ ವಾರ್ಷಿಕ ಮಳೆಯ ಸರಾಸರಿ 800 ಮಿಲಿಮೀಟರಿಗೂ ಮಿಕ್ಕದ್ದು. ಮೊತ್ತವನ್ನು ನೋಡಿದರೆ ಇದು ಬಯಲುಸೀಮೆಯಲ್ಲಿ ಬಡ ಜಿಲ್ಲೆಯೇನಲ್ಲ. ಕೊರತೆಯಿರುವುದು ಹಂಚಿಕೆಯಲ್ಲಿ. ಹಂಚಿಕೆಯ ಕೇಡು ಫೋಟೋಕ್ಕೆ ಸಿಗುವುದಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಆದರೆ ಕೇಂದ್ರದಿಂದ ಬಂದ ಅಧ್ಯಯನ ತಂಡದ ಕಣ್ಣಿಗೆ ಹೊಲಗಳು ಹಸಿರಾಗಿಯೇ ಕಾಣುತ್ತಿದ್ದವು. ಗಿಡವಿದೆ, ಕಾಳಿಲ್ಲ ಎಂಬುದನ್ನು ತಿಳಿಸಲು ಸರಕಾರವು 'ಹಸಿರು ಬರ' ಎಂಬ ಮಾತನ್ನು ಬಳಸಬೇಕಾಯಿತು. ಬರವೆಂದರೆ ಬಿರಿದ ನೆಲ ಎಂಬ ಚಿತ್ರಕ್ಕೆ ಕಣ್ಣು ಪಳಗಿಸಿಕೊಂಡವರಿಗೆ ಹಸಿರು ಬರ ಕಾಣುವುದಿಲ್ಲ. ಹೀಗಾಗಿ ತಪ್ಪು ಚಿತ್ರವು ತಪ್ಪು ಭಾವನೆಯನ್ನು ಮಾತ್ರವಲ್ಲ, ತಪ್ಪು ಅರಿವನ್ನೂ ಹುಟ್ಟಿಸುತ್ತದೆ; ಅದರ ಬೆಲೆಯನ್ನು ಪರಿಹಾರ ಸಿಗದವನು ತೆರುತ್ತಾನೆ.

ವಿಜ್ಞಾನದ ಭಾಷೆಯೂ ಕನ್ನಡಕ್ಕೆ ಬರುವಾಗ ತೊಡಕಿಗೆ ಸಿಕ್ಕುತ್ತದೆ. ಹವಾಗುಣ ಬದಲಾವಣೆಯ ಅಂತರಸರಕಾರಿ ಸಮಿತಿಯ ವರದಿಗಳಲ್ಲಿ 'ಸಂಭವನೀಯ' ಎಂದರೆ ನೂರಕ್ಕೆ 66ಕ್ಕಿಂತ ಕಡಿಮೆಯಿಲ್ಲದ ಸಾಧ್ಯತೆ, 'ಅತಿ ಸಂಭವನೀಯ' ಎಂದರೆ 90ಕ್ಕಿಂತ ಕಡಿಮೆಯಿಲ್ಲದ್ದು. ಅಳೆದು ತೂಗಿದ ಪದಗಳು. ಪತ್ರಿಕೆಯ ಕನ್ನಡದಲ್ಲಿ ಅವು 'ಆಗಬಹುದು' ಎಂದಾಗುತ್ತವೆ. ನಮ್ಮ ಕಿವಿಗೆ 'ಆಗಬಹುದು' ಎಂದರೆ 'ಆಗದೆಯೂ ಇರಬಹುದು'. ಅದೇ ವರದಿಗಳು ತಮ್ಮ ನಿರ್ಣಯಗಳ ದೃಢತೆಯನ್ನು ಸೂಚಿಸಲು ಬಳಸುವ ಪದವನ್ನು ಅನುವಾದಿಸಿದರೆ 'ಹೆಚ್ಚಿನ ವಿಶ್ವಾಸ', 'ಮಧ್ಯಮ ವಿಶ್ವಾಸ' ಎಂದಾಗುತ್ತದೆ. ವಿಶ್ವಾಸವೆಂಬುದು ನಮ್ಮ ಕಥೋಲಿಕ ಸಹೋದರರಿಗೆ ಧರ್ಮಪ್ರಮಾಣದ ಪದ. ಮಧ್ಯಮ ವಿಶ್ವಾಸವುಳ್ಳವನನ್ನು ಯಾವ ಸಭೆಯೂ ದೃಢೀಕರಣಕ್ಕೆ ಸೇರಿಸಿಕೊಳ್ಳದು! ನಗೆಯ ಮಾತಿದು, ಆದರೆ ಇದರಲ್ಲೊಂದು ಪಾಠವೂ ಇದೆ. ಸಂಶಯವನ್ನು ಅಳತೆ ಮಾಡಿ ಹೇಳುವುದು ಸತ್ಯನಿಷ್ಠೆಯ ಗುರುತು ಎಂಬುದನ್ನು ಕಲಿಸದೆ, ನಂಬಿಕೆಯೆಂದರೆ ಸಂಶಯವಿಲ್ಲದಿರುವಿಕೆ ಎಂದು ಬೋಧಿಸುತ್ತ ಬಂದ ಪ್ರಸಂಗಪೀಠವು ವಿಜ್ಞಾನವನ್ನು ಕೇಳುವ ಕಿವಿಯನ್ನು ಮಂದಗೊಳಿಸಿದೆ.

ಭಯದ ಬಗ್ಗೆ ನಮ್ಮ ಅಲಂಕಾರಶಾಸ್ತ್ರ ಹೇಳುವ ಒಂದು ಮಾತು ಪಾಶ್ಚಾತ್ಯ ಸಂಶೋಧಕರ ಲೆಕ್ಕಕ್ಕೆ ಬಾರದೆ ಹೋಗಿದೆ. ಭರತನು ಭಾವವನ್ನೂ ರಸವನ್ನೂ ಬೇರ್ಪಡಿಸಿದನು. ಭಯವೆಂಬ ಭಾವವು ಕಾಲಿಗೆ ಓಟವನ್ನು ಕೊಡುತ್ತದೆ. ಭಯಾನಕವೆಂಬ ರಸವು ಕುಳಿತಲ್ಲಿಯೇ ಸವಿಯಲ್ಪಡುತ್ತದೆ. ರಂಗದ ಮೇಲಿನ ದುಃಖವು ನಮ್ಮದೂ ಅಲ್ಲದ, ಪರರದೂ ಅಲ್ಲದ ಸಾಧಾರಣ ದುಃಖವಾದಾಗಲೇ ಆಸ್ವಾದ್ಯವಾಗುತ್ತದೆ. ಕರಗುವ ಹಿಮನದಿಗಳ, ಮುಳುಗುವ ನಗರಗಳ ಸಾಕ್ಷ್ಯಚಿತ್ರಗಳಿಗೆ ಇದನ್ನು ಅನ್ವಯಿಸಿ ನೋಡಿ. 2006ರ 'ಆ್ಯನ್ ಇನ್‌ಕನ್ವೀನಿಯಂಟ್ ಟ್ರೂತ್' ಚಿತ್ರದಿಂದ ಈಚೆಗೆ ನಾವು ನೋಡುತ್ತ ಬಂದಿರುವುದು ಬಹುಮಟ್ಟಿಗೆ ಭಯಾನಕ ರಸದ ಪ್ರಯೋಗಗಳನ್ನು. ಪ್ರೇಕ್ಷಕರು ಸಹೃದಯರಾಗಿ ನಡುಗಿ, ತೃಪ್ತರಾಗಿ ಮನೆಗೆ ಹೋಗುತ್ತಾರೆ. ಪುನರುಜ್ಜೀವನ ಕೂಟಗಳನ್ನು ಕಂಡ ನಮಗೆ ಇದು ಹೊಸ ಅನುಭವವೇನಲ್ಲ. ಬರಗಾಲ, ಭೂಕಂಪ, ಮಿಡತೆಗಳನ್ನು ಒಂದೊಂದಾಗಿ ಎಣಿಸಿ ಇವೆಲ್ಲ ಅಂತ್ಯಕಾಲದ ಗುರುತುಗಳೆಂದು ಸಾರುವ ಪ್ರಸಂಗಗಳು ಕೊಡುವುದೂ ರಸವನ್ನೇ. ಕೇಳುಗನು ಭಯಪಡುತ್ತಾನೆ, ತಾನು ಉಳಿದವರ ಗುಂಪಿನಲ್ಲಿದ್ದೇನೆಂದು ಸಮಾಧಾನಗೊಳ್ಳುತ್ತಾನೆ. ಅಂತರ್ಜಲವು ಇದ್ದಷ್ಟೇ ಇಳಿದಿರುತ್ತದೆ.

ಹಾಗೆಂದು ಭಾವನೆಯನ್ನು ಪ್ರಸಂಗದಿಂದ ಹೊರಹಾಕಬೇಕೆ? ಬೀದರ ಸೀಮೆಯ ಸಭೆಗಳಲ್ಲಿ ಬಹುಪಾಲು ಮೆಥೋಡಿಸ್ಟ್ ಪರಂಪರೆಯವು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಜಾನ್ ವೆಸ್ಲಿಯ ಹೃದಯಕ್ಕೆ ತಗುಲಿದ ಬೆಚ್ಚನೆಯ ಅನುಭವದಿಂದ ತನ್ನ ಚರಿತ್ರೆಯನ್ನು ಆರಂಭಿಸುವ ಪರಂಪರೆ ಭಾವನೆಯನ್ನು ತಿರಸ್ಕರಿಸಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣವಂತೂ ಅನುಭಾವವನ್ನೇ ಅರಿವಿನ ಒರೆಗಲ್ಲಾಗಿಸಿಕೊಂಡ ಊರು. ವೆಸ್ಲಿಯ ಸಮಕಾಲೀನನಾದ ಜೋನತನ್ ಎಡ್ವರ್ಡ್ಸ್ 1741ರಲ್ಲಿ ಎನ್‌ಫೀಲ್ಡಿನಲ್ಲಿ ಮಾಡಿದ ನರಕಭಯದ ಪ್ರಸಂಗಕ್ಕಾಗಿ ಕುಪ್ರಸಿದ್ಧನು. ಆದರೆ ಐದು ವರ್ಷಗಳ ಬಳಿಕ ಅವನೇ ಬರೆದ ಧಾರ್ಮಿಕ ಭಾವಗಳ ಕುರಿತಾದ ಗ್ರಂಥವು ಅವನ ಪಕ್ವ ವಿಚಾರ. ಭಾವದ ತೀವ್ರತೆ ಅದರ ಸತ್ಯಕ್ಕೆ ಸಾಕ್ಷಿಯಲ್ಲ, ಕಣ್ಣೀರೂ ನಡುಕವೂ ಯಾವುದನ್ನೂ ಸಾಬೀತು ಮಾಡಲಾರವು. ಭಾವವು ಯಾವುದನ್ನು ಪ್ರೀತಿಸುತ್ತದೆ, ಎಂಥ ಫಲವನ್ನು ಕೊಡುತ್ತದೆ ಎಂಬುದರಿಂದ ಅದನ್ನು ಪರೀಕ್ಷಿಸಬೇಕೆಂಬುದು ಅಲ್ಲಿನ ವಾದ. ಹವಾಗುಣದ ಬಗ್ಗೆ ಮಾತಾಡುವವರಿಗೆ ಎನ್‌ಫೀಲ್ಡಿನ ಎಡ್ವರ್ಡ್ಸ್ ಮಾತ್ರ ಗೊತ್ತಿರುವುದು ದುರದೃಷ್ಟ.

ಫಲವೆಂಬ ಒರೆಗಲ್ಲನ್ನು ನಮ್ಮಲ್ಲಿ ರೂಢಿಯಾಗುತ್ತಿರುವ 'ಪರಿಸರ ಪಶ್ಚಾತ್ತಾಪ'ದ ಪ್ರಾರ್ಥನೆಗಳಿಗೆ ಹಚ್ಚಿ ನೋಡೋಣ. 'ನಾವು ನಿನ್ನ ಸೃಷ್ಟಿಯನ್ನು ಕೆಡಿಸಿದೆವು' ಎಂಬ ಧಾಟಿಯ ಅರಿಕೆಗಳು ಜೂನ್ 5ರ ಆಸುಪಾಸಿನ ಭಾನುವಾರ ಎಲ್ಲೆಡೆ ಕೇಳಿಸುತ್ತವೆ. ಈ 'ನಾವು' ಯಾರು? ಬೀದರಿನ ಜನಕ್ಕೆ ಸಹಜವಾಗಿ ತಿಳಿದಿರುವ ಎರಡು ನೆರೆಭಾಷೆಗಳಲ್ಲಿ ಈ ಸರ್ವನಾಮವು ಎರಡಾಗಿ ಒಡೆಯುತ್ತದೆ: ತೆಲುಗಿನಲ್ಲಿ 'ಮನಮು', 'ಮೇಮು', ಮರಾಠಿಯಲ್ಲಿ 'ಆಪಣ', 'ಆಮ್ಹೀ'. ಕೇಳುವವನನ್ನು ಒಳಗೊಂಡ ನಾವು ಒಂದು, ಒಳಗೊಳ್ಳದ ನಾವು ಇನ್ನೊಂದು. ಕನ್ನಡದ 'ನಾವು' ಎಲ್ಲರನ್ನೂ ಒಂದೇ ಕಂಬಳಿಯೊಳಗೆ ಸುತ್ತುತ್ತದೆ. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ಬರುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 14 ಟನ್ನು, ಭಾರತದವನ ಪಾಲಿಗೆ ಸುಮಾರು 2 ಟನ್ನು. ಆ ಎರಡರಲ್ಲಿಯೂ, ಸುಗ್ಗಿ ತಪ್ಪಿದಾಗ ಹೆದ್ದಾರಿಗೆ ಬಂದು ಹೈದರಾಬಾದಿನ ಕಡೆಗೋ ಪುಣೆಯ ಕಡೆಗೋ ಬಸ್ಸು ಹತ್ತುವ ಭೂಹೀನ ಕೂಲಿಯವನ ಪಾಲು ಎಷ್ಟಿದ್ದೀತು? ನಮ್ಮ ಸಭೆಗಳಲ್ಲಿ ಹಿಂದಿನ ಚಾಪೆಗಳ ಮೇಲೆ ಕುಳಿತಿರುವವರು ಅವರೇ. ಅವರ ಬಾಯಿಂದ ಈ ಅರಿಕೆಯನ್ನು ಮಾಡಿಸುವುದು ಅವರ ಮೇಲೆ ಸುಳ್ಳು ಸಾಕ್ಷಿ ಹೇಳಿದಂತೆ. ದಶಾಜ್ಞೆಗಳಲ್ಲಿ ಅದಕ್ಕೆ ಪ್ರತ್ಯೇಕ ನಿಷೇಧವಿದೆ.

ಈ ಜನಕ್ಕೆ ಭಯದ ಕೊರತೆಯೂ ಇಲ್ಲ, ಅಪರಾಧಪ್ರಜ್ಞೆಯ ಅಗತ್ಯವೂ ಇಲ್ಲ. ಅವರಲ್ಲಿ ತುಂಬಿರುವ ಭಾವ ಮತ್ತೊಂದು. ಸಂವಹನ ಸಂಶೋಧಕರು ಅದನ್ನು ಅಷ್ಟಾಗಿ ಹೆಸರಿಸಿಲ್ಲ, ಪ್ರವಾದಿಯೊಬ್ಬನು ಹೆಸರಿಸಿದ್ದಾನೆ. ಯೆರೆಮೀಯನ ಗ್ರಂಥದ 14ನೆಯ ಅಧ್ಯಾಯವು ಬರಗಾಲದ ಕುರಿತಾದದ್ದು. ದೊಡ್ಡವರು ತಮ್ಮ ಆಳುಗಳನ್ನು ನೀರಿಗೆ ಕಳುಹಿಸುತ್ತಾರೆ. ಆಳುಗಳು ತೊಟ್ಟಿಗಳವರೆಗೆ ಹೋಗಿ ಬರಿಗೊಡಗಳೊಡನೆ ಹಿಂದಿರುಗಿ, ನಾಚಿಕೆಯಿಂದ ತಲೆ ಮುಸುಕಿಕೊಳ್ಳುತ್ತಾರೆ. ಬಿರಿದ ನೆಲ ಅಲ್ಲಿಯೂ ಉಂಟು, ಅದರೊಡನೆ ಒಕ್ಕಲಿಗರೂ ನಾಚಿ ಮುಸುಕಿಕೊಳ್ಳುತ್ತಾರೆ. ಹೆತ್ತ ಮರಿಯನ್ನು ಅಡವಿಯ ಜಿಂಕೆಯು ಹುಲ್ಲಿಲ್ಲದೆ ಬಿಟ್ಟುಹೋಗುತ್ತದೆ. ಈ ವರ್ಣನೆಯ ನಡುವಿನಲ್ಲಿರುವ ಭಾವ ನಾಚಿಕೆ. ಬರವು ಮನುಷ್ಯನನ್ನು ಮೊದಲು ಕೊಲ್ಲುವುದಿಲ್ಲ, ಮೊದಲು ಅವನ ಮುಖವನ್ನು ತಗ್ಗಿಸುತ್ತದೆ: ಮನೆಗೆ ಬಂದವರಿಗೆ ಚೊಂಬು ನೀರು ಕೊಡಲಾಗದ, ಸಾಲಗಾರನ ಎದುರು ನಿಲ್ಲಲಾಗದ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಂಧುಗಳನ್ನು ಕರೆಯಲಾಗದ ನಾಚಿಕೆ. ಬರಬಿದ್ದ 2015ರಲ್ಲಿ ಈ ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಸಾವಿರವನ್ನು ಮೀರಿದವು. ಆ ಸಾವುಗಳಿಗೆ ಕಾರಣಗಳು ಹಲವು. ಆದರೆ ಸಾಲಕ್ಕೂ ನೇಣಿಗೂ ನಡುವೆ ನಿಂತಿರುವುದು ಎಷ್ಟೋ ಸಲ ಮರ್ಯಾದೆಯೆಂಬ ಒಂದೇ ಪದ. ಅಂಥವರ ಮುಂದೆ ನಿಂತು ನಿಮ್ಮ ಪಾಪದಿಂದಲೇ ಮಳೆ ನಿಂತಿತು ಎನ್ನುವ ಪ್ರಸಂಗವು ಎಷ್ಟು ಅಪಾಯಕರವೆಂಬುದನ್ನು ನಾವು ಗಂಭೀರವಾಗಿ ಯೋಚಿಸಿದಂತಿಲ್ಲ.

ಅದೇ ಅಧ್ಯಾಯವು ಭರವಸೆಯ ವ್ಯಾಪಾರಿಗಳನ್ನೂ ಬಿಡುವುದಿಲ್ಲ. ಖಡ್ಗವಿಲ್ಲ, ಕ್ಷಾಮವಿಲ್ಲ, ಸ್ಥಿರವಾದ ಸಮಾಧಾನವೇ ಬರಲಿದೆ ಎಂದು ಹೇಳುವ ಪ್ರವಾದಿಗಳನ್ನು ದೇವರು ತಾನು ಕಳುಹಿಸಿದವರಲ್ಲವೆಂದು ನಿರಾಕರಿಸುತ್ತಾನೆ. ಯೆರೆಮೀಯನಿಗೆ ಉಳಿಯುವುದು ಹಗಲಿರುಳು ನಿಲ್ಲದ ಕಣ್ಣೀರು. ಈ ಕಣ್ಣೀರು ಯಾರನ್ನೂ ಒಪ್ಪಿಸುವುದಕ್ಕಾಗಿ ಸುರಿದದ್ದಲ್ಲ. ಅದು ಕಂಡದ್ದನ್ನು ಕಂಡಂತೆ ಅರಿತವನ ಕಣ್ಣೀರು. ಅಂದರೆ ಇಲ್ಲಿ ಭಾವನೆಯು ಅರಿವಿನ ಮೇಲೆ ಬಳಿದ ಬಣ್ಣವಾಗದೆ ಅರಿವಿನ ಒಂದು ವಿಧವೇ ಆಗಿದೆ.

ಪೋಪ್ ಫ್ರಾನ್ಸಿಸರ ಎರಡು ಬರಹಗಳನ್ನು ಇದರ ಬೆಳಕಿನಲ್ಲಿ ಜೊತೆಗಿಟ್ಟು ಓದುವುದು ಪ್ರಯೋಜನಕರ. 'ಲೌದಾತೋ ಸೀ' ವಿಶ್ವಪತ್ರದ ತಾರೀಖು 2015ರ ಮೇ 24. (ವೆಸ್ಲಿಯ ದಿನವೇ, ಕಾಕತಾಳೀಯವಾದರೂ ಮೆಥೋಡಿಸ್ಟರು ಸಂತೋಷಪಡಬಹುದು.) ಅದು ಅಸ್ಸೀಸಿಯ ಸಂತನ ಸ್ತುತಿಯಿಂದ ತೊಡಗಿ ಭೂಮಿಯ ನರಳಾಟಕ್ಕೆ ಇಳಿಯುತ್ತದೆ. ಮಾಹಿತಿಯನ್ನು ಗುಡ್ಡೆಹಾಕುವುದು ತನ್ನ ಗುರಿಯಲ್ಲ, ಜಗತ್ತಿಗೆ ಆಗುತ್ತಿರುವುದನ್ನು ಓದುಗನು ತನ್ನ ಸ್ವಂತ ನೋವಾಗಿ ಮಾಡಿಕೊಳ್ಳಬೇಕು ಎಂಬರ್ಥದ ಮಾತು ಅದರ 19ನೆಯ ಪರಿಚ್ಛೇದದಲ್ಲಿದೆ. ಹವಾಗುಣ ಸಂವಹನದ ಬಗ್ಗೆ ಯಾವ ಸಭೆಯೂ ಇದಕ್ಕಿಂತ ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಓದಿಲ್ಲ. ಎಂಟು ವರ್ಷಗಳ ಬಳಿಕ, 2023ರ ಅಕ್ಟೋಬರ್ 4ರಂದು ಬಂದ 'ಲೌದಾತೆ ದೇಉಮ್' ಬೇರೆಯೇ ಧಾಟಿಯದು. ಚಿಕ್ಕದು, ಶುಷ್ಕ, ಅಂಕಿಸಂಖ್ಯೆಗಳಿಂದ ಕೂಡಿದ್ದು, ಸ್ವಂತ ಸಭೆಯೊಳಗಿನ ನಿರಾಕರಣವಾದಿಗಳ ಮೇಲೆ ಅಸಹನೆಯುಳ್ಳದ್ದು. ಮೊದಲನೆಯದರ ಕಾವ್ಯವನ್ನು ಎರಡನೆಯದು ಕಳೆದುಕೊಂಡಿತೆಂದು ಹಲವರಿಗೆ ಅನ್ನಿಸಬಹುದು. ನನಗೆ ಎರಡನೆಯದೇ ಹೆಚ್ಚು ಪ್ರವಾದಿಯ ಬರಹವಾಗಿ ಕಾಣುತ್ತದೆ. ಅದರ ಕೊನೆಯ ಪುಟದಲ್ಲಿ 'ನಾವು' ಒಡೆಯುತ್ತದೆ, ಯಾವ ದೇಶದವನ ಪಾಲು ಯಾರ ಎಷ್ಟು ಪಟ್ಟು ಎಂಬ ಲೆಕ್ಕ ಬರುತ್ತದೆ. ಅಲ್ಲಿರುವ ಸಿಟ್ಟಿಗೆ ವಿಳಾಸವಿದೆ. ಮೊದಲ ಪತ್ರವೂ ಭಿನ್ನ ಹೊಣೆಗಳ ಮಾತನ್ನು ಆಡಿತ್ತು. ಆದರೆ ಅದರ ಸುಂದರವಾದ ಶೋಕವು ಎಲ್ಲರಿಗೂ ಸಮನಾಗಿ ಹರಡಿಕೊಂಡದ್ದರಿಂದ ಯಾರನ್ನೂ ಚುಚ್ಚದೆ ಹೋಗುವ ಸಾಧ್ಯತೆ ಇತ್ತು. ಎರಡರಲ್ಲಿಯೂ ಕಾಣದೆ ಹೋದದ್ದು ಬರಿಗೊಡ ಹೊತ್ತು ಬಂದ ಆಳಿನ ನಾಚಿಕೆ. ಬಡವರ ಮೊರೆ ಅಲ್ಲಿದೆ. ಮೊರೆಯಿಡಲಾಗದೆ ಮುಸುಕಿಕೊಂಡವರ ಮೌನವಿಲ್ಲ.

ಭಾವನೆಯ ಗೊಡವೆಯೇ ಬೇಡ, ಸರಿಯಾದ ಮುನ್ಸೂಚನೆಯೂ ಸರಿಯಾದ ಯೋಜನೆಯೂ ಸಾಕು ಎನ್ನುವವರಿಗೆ ಯೋಸೇಫನು ಆದರ್ಶ. ಏಳು ವರ್ಷ ಸುಭಿಕ್ಷ, ಏಳು ವರ್ಷ ದುರ್ಭಿಕ್ಷ, ಐದನೆಯ ಒಂದು ಪಾಲು ಶೇಖರಣೆ. ಫರೋಹನ ಮುಂದೆ ಒಂದು ಹನಿ ಕಣ್ಣೀರಿಲ್ಲದೆ ಅವನು ವರದಿ ಒಪ್ಪಿಸಿದನು. ನಮ್ಮಲ್ಲಿಯೂ ಇಂಥ ವ್ಯವಸ್ಥೆ ಕಡಮೆಯದೇನಲ್ಲ. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಹುಟ್ಟಿ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಪಂಚಾಯಿತಿಗಳ ಮಟ್ಟದವರೆಗೆ ಮಳೆಮಾಪಕಗಳನ್ನಿಟ್ಟಿದೆ. ಅದರ 'ವರುಣಮಿತ್ರ'ಕ್ಕೆ ದೂರವಾಣಿ ಮಾಡಿದ ರೈತನು ತನ್ನ ಊರಿನ ಮಳೆಯ ಮುನ್ಸೂಚನೆಯನ್ನು ಮನುಷ್ಯದನಿಯಲ್ಲಿಯೇ ಕೇಳಬಲ್ಲನು. (ಅದರ ಹೆಸರಿನಲ್ಲಿಯೂ ವಿಕೋಪವಿದೆ.) ಬಿತ್ತುವ ದಿನವನ್ನು ನಿಶ್ಚಯಿಸುವವನಿಗೆ ಹತ್ತು ಪ್ರಸಂಗಗಳಿಗಿಂತ ಅಂಥ ಒಂದು ಕರೆ ಮೇಲು. ಇಷ್ಟಾದರೂ ಯೋಸೇಫನ ಕಥೆಯನ್ನು ಆದಿಕಾಂಡ 41ಕ್ಕೇ ನಿಲ್ಲಿಸದೆ 47ರವರೆಗೆ ಓದಬೇಕು. ಕ್ಷಾಮ ಮುಗಿಯುವಷ್ಟರಲ್ಲಿ ಐಗುಪ್ತದ ಜನರು ಧಾನ್ಯಕ್ಕಾಗಿ ಹಣವನ್ನು, ದನಗಳನ್ನು, ಹೊಲಗಳನ್ನು, ಕಡೆಗೆ ತಮ್ಮನ್ನೇ ಫರೋಹನಿಗೆ ಮಾರಿಕೊಂಡಿದ್ದರು. ಯೋಸೇಫನು ಅಳುವವನೇ, ಆ ಗ್ರಂಥದಲ್ಲಿ ಅವನು ಮತ್ತೆ ಮತ್ತೆ ಅಳುತ್ತಾನೆ, ಅಣ್ಣತಮ್ಮಂದಿರಿಗಾಗಿ, ತಂದೆಗಾಗಿ. ಹೊಲ ಮಾರಿಕೊಂಡ ಐಗುಪ್ತ್ಯನಿಗಾಗಿ ಅವನು ಅತ್ತನೆಂದು ಎಲ್ಲಿಯೂ ಬರೆದಿಲ್ಲ. ಮುನ್ಸೂಚನೆ ನಿಜವಾಯಿತು, ಯೋಜನೆ ಫಲಿಸಿತು, ಜನ ದಾಸರಾದರು.

ಯೋನನದು ಇದಕ್ಕೆ ಪೂರ್ತಿ ಬೇರೆಯಾದ ಪ್ರಸಂಗ. ನಲವತ್ತು ದಿನಗಳ ಗಡುವಿನ ಭಯವನ್ನು ಬಿತ್ತಿ ಯಶಸ್ವಿಯಾದ ಸಂವಹನಕಾರ ಅವನೊಬ್ಬನೇ; ಯಶಸ್ಸೇ ಅವನಿಗೆ ಬೇಸರ ತಂದಿತು. ದೇವರು ಅವನೊಡನೆ ವಾದಿಸಿದ್ದು ನಿನೆವೆಯ ಒಂದು ಲಕ್ಷದ ಇಪ್ಪತ್ತು ಸಾವಿರ ಜನರ ಅಂಕಿಯಿಂದ ಆರಂಭವಾಗಲಿಲ್ಲ. ಹುಳು ಹೊಡೆದು ಬಾಡಿದ ಒಂದು ಸೋರೆಗಿಡದ ಮೇಲೆ ಅವನಿಗಿದ್ದ ಮರುಕದಿಂದ ಆರಂಭವಾಯಿತು. ಅಂಕಿ ಬಂದದ್ದು ಆಮೇಲೆ, ಅಂಕಿಯ ಹಿಂದೆ ದನಗಳು. ಇದ್ದ ಚಿಕ್ಕ ಮರುಕವನ್ನು ಹಂಗಿಸದೆ ಅದನ್ನೇ ಹಿಗ್ಗಿಸಿ ದೊಡ್ಡ ಸಂಖ್ಯೆಯವರೆಗೆ ಒಯ್ಯುವ ಈ ಕ್ರಮವನ್ನು ಹುಮನಾಬಾದಿನ ಸಭಾಪಾಲಕನು ಅನುಸರಿಸಲು ಬಯಸಿದರೆ ಅವನಿಗೆ ಹಿಮಕರಡಿಯ ಚಿತ್ರ ಬೇಡ. ಬಣವೆಯಲ್ಲಿ ಮೊಳೆತ ಉದ್ದಿನ ಒಂದು ಹಿಡಿ ಸಾಕು. ಅದನ್ನು ಕೈಯಲ್ಲಿ ಹಿಡಿದೇ ಅವನು ಬಿಸಿಯಾದ ಸಮುದ್ರದಿಂದೇಳುವ ತೇವದ ಲೆಕ್ಕವನ್ನು ಹೇಳಬಹುದು. 1850ರಿಂದ 1900ರವರೆಗಿನ ಸರಾಸರಿಗಿಂತ ಭೂಮಿಯು 2011ರಿಂದ 2020ರ ದಶಕದಲ್ಲಿ 1.1 ಡಿಗ್ರಿ ಬಿಸಿಯಾಗಿತ್ತು. ಒಂದು ಡಿಗ್ರಿ ಏರಿದರೆ ಗಾಳಿಯು ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊತ್ತದ್ದನ್ನು ಒಮ್ಮೆಲೇ ಸುರಿಯುತ್ತದೆ. ಕಾಳು ಮೊಳೆತದ್ದು ರೈತನ ಸೋಮಾರಿತನದಿಂದಲ್ಲವೆಂದು ಸಭೆಯ ಮುಂದೆ ಗಟ್ಟಿಯಾಗಿ ಹೇಳುವುದಕ್ಕೆ ಆ ಲೆಕ್ಕ ಬೇಕು. ನಾಚಿಕೆಯ ಮುಸುಕನ್ನು ತೆಗೆಯುವ ಕೆಲಸದಲ್ಲಿ ವಿಜ್ಞಾನವು ಸುವಾರ್ತೆಯ ಜೊತೆಗಾರನಾಗುವುದು ಇಲ್ಲಿಯೇ.

ಆ ಮೇಲೆ ಪ್ರಲಾಪಿಸಬೇಕು. ಅದಕ್ಕೆ ನಮ್ಮಲ್ಲಿ ಕ್ರಮವಿಲ್ಲ. ಬೆಳೆ ಬಂದಾಗ ಸುಗ್ಗಿಯ ಹಬ್ಬವನ್ನು ಮಾಡಿ ಮೊದಲ ತೆನೆಗಳನ್ನು ವೇದಿಯ ಮುಂದಿಡುತ್ತೇವೆ; ಬೆಳೆ ಬಾರದ ವರ್ಷ ಅದೇ ಹಬ್ಬವನ್ನು ಕಡಮೆ ಕಾಣಿಕೆಯೊಡನೆ ಮಾಡಿ ಮುಗಿಸುತ್ತೇವೆ. ಕೈಯಲ್ಲಿ ಏನೂ ಇಲ್ಲದೆ ಬಂದವನು ಆ ದಿನ ಬಾಗಿಲ ಬಳಿಯೇ ನಿಲ್ಲುತ್ತಾನೆ. ನಮ್ಮ ದೇವಜ್ಞಾನ ಶಾಲೆಗಳಲ್ಲಿ ಗುಂಕೆಲನು ಕೀರ್ತನೆಗಳನ್ನು ವಿಂಗಡಿಸಿದ ರೀತಿಯನ್ನು ಕಲಿಸುತ್ತೇವೆ. ಸಾಮೂಹಿಕ ಪ್ರಲಾಪದ ಅಂಗಗಳಾದ ಸಂಬೋಧನೆ, ದೂರು, ಬೇಡಿಕೆ, ಭರವಸೆಯ ನುಡಿಗಳನ್ನು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ. ಅವರಲ್ಲಿ ಕೆಲವರು ಮುಂದಿನ ವರ್ಷ ಬೀದರ ಜಿಲ್ಲೆಯ ಹಳ್ಳಿಗಳ ಸಭೆಗಳಿಗೆ ನೇಮಕವಾಗಿ ಹೋಗುವರು, ಬಹುಶಃ ಹೆಸರು ಉದ್ದುಗಳು ಹೂ ಬಿಡುವ ತಿಂಗಳಿನಲ್ಲಿ.